ನಲ್ಲಿಗೋಡೆಯ ಮೇಲಿನ ಪಾಸ್‌ವರ್ಡ್

ಚಿಕ್ಕತಿಮ್ಮಪ್ಪನವರ ಮನೆಯ ಬೀದಿಗೋಡೆಗೆ ಒಂದು ನಲ್ಲಿ ಇದೆ. ಹಿತ್ತಿಲಲ್ಲಿ ಬೋರ್‌ವೆಲ್ ಕೊರೆಸಿ ನೀರು ಬಿದ್ದ ವರ್ಷ, ಅಡುಗೆಮನೆಗೆ ಪೈಪು ಎಳೆಸುವ ಮೊದಲೇ ಅವರು ಈ ಹೊರಗಿನ ನಲ್ಲಿಯನ್ನು ಕೂರಿಸಿದರಂತೆ. ಬಾಗೂರಿನ ಆ ಕೇರಿಯಲ್ಲಿ ಯಾರು ಬಂದು ಕೊಡ ಹಿಡಿದರೂ ಏಕೆಂದು ಕೇಳಿದವರಿಲ್ಲ. “ಇಲ್ಲ ಅನ್ನೋ ಬಾಯಿ ನಮ್ಮ ವಂಶದಾಗೇ ಹುಟ್ಟಿಲ್ಲ” ಎಂದು ಅವರು ಜಗುಲಿಯಲ್ಲಿ ಕೂತು ಹೇಳುವಾಗ ಕೇಳುವವರು ತಲೆದೂಗುತ್ತಾರೆ. ಸೊಸೆ ಉಷಾರಾಣಿಯೂ ಮದುವೆಯಾಗಿ ಬಂದ ಹೊಸದರಲ್ಲಿ ತಲೆದೂಗಿದ್ದಳು.

ಆ ಬುಧವಾರ ಬೆಳಗ್ಗೆ ಅದೇ ನಲ್ಲಿಯ ಮೇಲಿನ ಗೋಡೆಯನ್ನು ಅವಳು ಎರಡೆರಡು ಸಲ ಓದಿದಳು. ತೆಂಗಿನಕಾಯಿ ಚೀಲಗಳಿಗೆ ಗುರುತು ಹಾಕುವ ನೀಲಿ ಬಣ್ಣದಲ್ಲಿ, ಮಾವನವರ ಗುಂಡು ಗುಂಡಾದ ಅಕ್ಷರಗಳಲ್ಲಿ, ಮನೆಯ ವೈಫೈ ಪಾಸ್‌ವರ್ಡ್ ಬರೆದಿತ್ತು. ದೂರದಿಂದಲೂ ಓದಲು ಬರುವಷ್ಟು ದೊಡ್ಡದಾಗಿ. ಅದರ ಕೆಳಗೆ ‘ಎಲ್ಲರಿಗೂ’ ಎಂದಿತ್ತು.

ಅವಳು ಆಗಷ್ಟೇ ಕೋಣೆಯಿಂದ ಎದ್ದು ಬಂದಿದ್ದಳು. ಒಳಗೆ, ಬೀರುವಿನ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇನ್ನೂ ತೆರೆದೇ ಇತ್ತು. ಬಸ್ ಟಿಕೆಟ್ ಕಾಯ್ದಿರಿಸಿಕೊಡುವ ಬೆಂಗಳೂರಿನ ಕಂಪನಿಯೊಂದು, ಕನ್ನಡದಲ್ಲಿ ಕರೆ ಮಾಡುವ ಪ್ರಯಾಣಿಕರಿಗೆ ಉತ್ತರ ಕೊಡಲು ಮನೆಯಿಂದಲೇ ಕೆಲಸ ಮಾಡುವವರನ್ನು ತೆಗೆದುಕೊಳ್ಳುತ್ತಿತ್ತು. ಲ್ಯಾಪ್‌ಟಾಪ್ ಸ್ವಂತದ್ದಿರಬೇಕು, ನೆಟ್ ಗಟ್ಟಿ ಇರಬೇಕು, ದನಿ ಸ್ಪಷ್ಟವಾಗಿ ಕೇಳಬೇಕು. ಪರೀಕ್ಷೆಯನ್ನು, ಮುಂದೆ ಎಲ್ಲಿ ಕೂತು ಕೆಲಸ ಮಾಡುತ್ತೀರೋ ಅಲ್ಲಿಂದಲೇ ಕೊಡಬೇಕು ಎಂದಿದ್ದರು. ಆ ಬೆಳಗಿನ ಪರೀಕ್ಷೆಯಲ್ಲಿ ಆ ಕಡೆಯಿಂದ ಒಬ್ಬರು ಮೇಡಂ ಬಸ್ ತಪ್ಪಿಸಿಕೊಂಡ ಪ್ರಯಾಣಿಕಳಂತೆ ರೇಗುತ್ತಾ ಹೋದರು. ಈ ಕಡೆಯಿಂದ ಉಷಾ ಸಮಾಧಾನವಾಗಿ ಉತ್ತರ ಕೊಡುತ್ತಾ ಹೋದಳು. ಉತ್ತರ ಮಾತ್ರ ಅಲ್ಲಿಗೆ ಮುಟ್ಟಲಿಲ್ಲ.

“ಉಷಾರಾಣಿ ಅವರೇ, ನಿಮ್ಮ ಮಾತು ತುಂಡು ತುಂಡಾಗಿ ಬರ್ತಾ ಇದೆ” ಎಂದರು ಮೇಡಂ, ನಾಟಕ ಬಿಟ್ಟು. “ಮನೇಲಿ ಬೇರೆ ಯಾರಾದ್ರೂ ನೆಟ್ ಬಳಸ್ತಾ ಇದ್ದಾರಾ?”

“ಇಲ್ಲ ಮೇಡಂ. ನಾನೊಬ್ಬಳೇ” ಎಂದಳು ಉಷಾ. ಅದೂ ಅರ್ಧವೇ ಹೋಗಿರಬೇಕು. ಪರದೆಯ ಮೇಲೆ ಆ ಮೇಡಂ ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಮತ್ತೆ ಚಲಿಸಿದಾಗ ಅವರ ಮುಖದಲ್ಲಿ ಬೇಸರವಿತ್ತು, ಕರುಣೆಯೂ ಇತ್ತು. ಎರಡನೆಯದನ್ನು ಉಷಾಳಿಗೆ ತಡೆದುಕೊಳ್ಳಲಾಗಲಿಲ್ಲ.

“ನೀವು ಚೆನ್ನಾಗೇ ಮಾತಾಡ್ತೀರ. ಆದ್ರೆ ಇಂಥ ನೆಟ್ ಇಟ್ಕೊಂಡು ನಿಮ್ಮನ್ನ ಕರೆಗೆ ಕೂರಿಸಕ್ಕೆ ಆಗಲ್ಲ. ಶುಕ್ರವಾರ ಇನ್ನೊಂದು ಸಲ ನೋಡ್ತೀನಿ. ಅದೇ ಕೊನೆ. ಆಮೇಲೆ ಈ ಜಾಗ ಬೇರೆಯವರಿಗೆ ಹೋಗುತ್ತೆ.”

ಅಷ್ಟು ಕೇಳಿಸಿಕೊಂಡು, ಯಾರಾದರೂ ಮಾಳಿಗೆಯ ಮೇಲಿನ ಪೆಟ್ಟಿಗೆ ಮುಟ್ಟಿದರೋ, ವೈರು ಎಳೆದರೋ ಎಂದು ನೋಡಲು ಅವಳು ಹೊರಗೆ ಬಂದದ್ದು. ಬಂದವಳಿಗೆ ಕಂಡದ್ದು ಆ ನೀಲಿ ಅಕ್ಷರ.

ನಲ್ಲಿಯಡಿ ಎದುರುಮನೆಯ ಭಾಗ್ಯ ಕೊಡ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಯಾವುದೋ ಅಡುಗೆಯ ವಿಡಿಯೋ ನೋಡುತ್ತಿದ್ದಳು. ಕೊಡ ತುಂಬಿ ಹರಿಯುತ್ತಿತ್ತು.

“ಬೆಳಗ್ಗಿಂದ ನಿಮ್ಮ ನೆಟ್ಟು ತಿರುಗ್ತಾನೇ ಐತೆ ಕಣಕ್ಕ” ಎಂದಳು ಭಾಗ್ಯ, ತಲೆ ಎತ್ತದೆ. “ಒಂದು ಮಾತು ಹೇಳ್ರಿ ಆ ಕಂಪ್ನಿಯೋರಿಗೆ. ದುಡ್ಡು ಇಸ್ಕಳಕ್ಕೆ ಬರುತ್ತೆ, ಕೊಡಕ್ಕೆ ಬರಲ್ವಾ?”

ಉಷಾ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು. ಬಾಯಿಗೆ ಬಂದ ಮಾತನ್ನು ನುಂಗಿದಳು. ಮಾತನ್ನು ನುಂಗುವುದು ಅವಳಿಗೆ ರೂಢಿ.

ಲ್ಯಾಪ್‌ಟಾಪ್ ಮನೆಗೆ ಬಂದದ್ದೂ ಅವಳ ಅಂಥ ಎಚ್ಚರದಿಂದಲೇ. ಹೊಸದುರ್ಗದ ಖಾಸಗಿ ಶಾಲೆಯಲ್ಲಿ ಅವಳು ಪಾಠ ಹೇಳುತ್ತಿದ್ದಳು. ಮಕ್ಕಳು ಕಡಿಮೆಯಾಗಿ ಆ ಶಾಲೆ ಬಾಗಿಲು ಹಾಕಿತು. ಆಮೇಲೆ ಸಂಜೆ ಹೊತ್ತು ಕೇರಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ಹಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಚಿತ್ರದುರ್ಗಕ್ಕೆ ಹೋಗಿದ್ದಳು. ಕಾಲೇಜಿನ ಗೆಳತಿ ಮಹ್ವಿಶ್ ಅಲ್ಲಿದ್ದಾಳೆ. ತನ್ನ ಮನೆಯಿಂದಲೇ ಇಂಥದೇ ಕೆಲಸ ಮಾಡುತ್ತಾಳೆ. ಈ ಕೆಲಸದ ಸುದ್ದಿ ಕೊಟ್ಟವಳೂ ಅವಳೇ. “ಹೊಸದು ಬೇಡ. ದೊಡ್ಡ ಆಫೀಸುಗಳು ಬಳಸಿ ಬಿಟ್ಟಿದ್ದನ್ನ ರಿಪೇರಿ ಮಾಡಿ ಮಾರ್ತಾರೆ, ಗಟ್ಟಿ ಇರುತ್ತೆ. ಹೊರಗಿನ ಹೊಳಪು ನೋಡ್ಬೇಡ, ಒಳಗೆ ಏನೈತೆ ನೋಡು” ಎಂದು ಅಂಗಡಿ ಅಂಗಡಿ ಸುತ್ತಿಸಿದ್ದಳು. ಉಷಾ ಒಂದೊಂದು ಕೀಲಿಯನ್ನೂ ಒತ್ತಿ ನೋಡಿದ್ದಳು, ತನ್ನ ದನಿಯನ್ನು ತಾನೇ ರೆಕಾರ್ಡ್ ಮಾಡಿ ಕೇಳಿದ್ದಳು, ಚಾರ್ಜರ್ ಬಿಸಿಯಾಗುತ್ತದೆಯೇ ಎಂದು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಅಂಗಡಿಯವನು ಸಾಕಾಗಿ, “ಮೇಡಂ, ಹೆಣ್ಣು ನೋಡಕ್ಕೆ ಬಂದೋರೂ ಇಷ್ಟು ನೋಡಲ್ಲ” ಎಂದಿದ್ದ. ಮಹ್ವಿಶ್ ಬಿದ್ದು ಬಿದ್ದು ನಕ್ಕಿದ್ದಳು. ಉಷಾ ತಂದ ಲ್ಯಾಪ್‌ಟಾಪಿನ ಕೀಲಿಗಳಲ್ಲಿ ಕೆಲವು ಅಕ್ಷರಗಳು ಸವೆದುಹೋಗಿದ್ದವು. ಅದೊಂದು ಬಿಟ್ಟರೆ ಕುಂದು ಹೇಳುವಂತಿರಲಿಲ್ಲ.

ಲ್ಯಾಪ್‌ಟಾಪ್ ಅವಳದಾಯಿತು. ನೆಟ್ ಅವಳದಾಗಲಿಲ್ಲ.

ಬಾಗೂರಿಗೆ ಇನ್ನೂ ನೆಟ್ಟಿನ ತಂತಿ ಬಂದಿಲ್ಲ. ಮೊಬೈಲಿನ ನೆಟ್ ಕಿಟಕಿಯ ಹತ್ತಿರ ನಿಂತರೆ ಉಂಟು, ಮೇಜಿನ ಹತ್ತಿರ ಇಲ್ಲ. ಮಾಳಿಗೆಯ ಮೇಲೆ ಒಂದು ಬಿಳಿ ಪೆಟ್ಟಿಗೆ ಕೂರಿಸಿ, ಟವರಿನಿಂದ ಗಾಳಿಯಲ್ಲೇ ನೆಟ್ ಹಿಡಿಯುವ ವ್ಯವಸ್ಥೆ ಇದೆ ಎಂದು ವಿಚಾರಿಸಿ ತಿಳಿದವಳು ಅವಳು. ಬಾಡಿಗೆ ಕಟ್ಟುವವಳು ಅವಳು. ಆದರೆ ಕಂಪನಿಯ ಹುಡುಗರು ಬಂದಾಗ ಮನೆ ಯಾರ ಹೆಸರಿನಲ್ಲಿದೆಯೋ ಅವರ ಆಧಾರ್ ಬೇಕು, ಅವರ ಫೋನ್ ನಂಬರ್ ಬೇಕು ಎಂದರು. ಮಾವನವರು ಪಂಚೆ ಬದಲಿಸಿ ಬಂದು ಕುರ್ಚಿಯಲ್ಲಿ ಕೂತರು. ಕೆಲಸ ಮುಗಿಸಿದವನು, “ಯಜಮಾನ್ರೇ, ಪಾಸ್‌ವರ್ಡ್ ಏನಿಡಾಣ?” ಎಂದು ಅವರನ್ನೇ ಕೇಳಿದ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಉಷಾಳ ಕಡೆ ಅವನು ತಿರುಗಿಯೂ ನೋಡಲಿಲ್ಲ. “ಊರ ಹೆಸರೇ ಇಡಪ್ಪ, ಮುಂದೆ ಒಂದು ಎರಡು ಮೂರು ನಾಕು. ಎಲ್ರಿಗೂ ನೆನಪಿರಬೇಕು” ಎಂದಿದ್ದರು ಮಾವ.

ಎಲ್ಲರಿಗೂ ಎಂಬ ಮಾತನ್ನು ಅವಳು ಆವತ್ತೇ ಕೇಳಿಸಿಕೊಂಡಿದ್ದಳು. ಆಗಲೇ ಹೆದರಿದ್ದಳು. ಮನೆಯವರೆಲ್ಲರಿಗೂ ಎಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಈಗ ಅವಳು ಜಗುಲಿಗೆ ಬಂದು ಕಂಬದ ಪಕ್ಕ ನಿಂತಳು. ಮಾವನವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಸುತ್ತ ನಾಲ್ಕೈದು ಜನ ಗೋಡೆಗೊರಗಿ ಫೋನಿನಲ್ಲಿ ಮುಳುಗಿದ್ದರು. ಅವರಲ್ಲಿ ದುರ್ಗೇಶ್ ಮುಖ್ಯ. ಊರಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಾನೆ. ಮದುವೆ ಮುಂಜಿ ಇಲ್ಲದ ದಿನಗಳಲ್ಲಿ ಜಗುಲಿಗಳನ್ನು ಕಾಯುತ್ತಾನೆ.

“ಮಾವ, ಗೋಡೆ ಮೇಲೆ ಬರೆದಿದೀರಲ್ಲ.”

“ಹೂಂ ಕಣವ್ವ. ಹೋಗೋರು ಬರೋರೆಲ್ಲ ಒಳಗೆ ಬಂದು ಕೇಳೋದು, ನೀನು ಎದ್ದು ಬರೋದು, ನಿಂಗ್ಯಾಕೆ ತೊಂದರೆ ಅಂತ.”

ಅವರ ಮುಖದಲ್ಲಿ ಉಪಕಾರ ಮಾಡಿದವರ ನೆಮ್ಮದಿ ಇತ್ತು. ಉಷಾಳಿಗೆ ಸಿಟ್ಟು ಬಂತು. ಆದರೂ ದನಿ ಏರಿಸಲಿಲ್ಲ.

“ಇವತ್ತು ನನ್ನ ಪರೀಕ್ಷೆ ಇತ್ತು ಮಾವ. ನಿಮಗೆ ಹೇಳಿದ್ದೆ. ಎಲ್ಲರೂ ಒಟ್ಟಿಗೆ ಬಳಸಿದ್ದಕ್ಕೆ ನನ್ನ ಮಾತೇ ಹೋಗಲಿಲ್ಲ. ಶುಕ್ರವಾರ ಇನ್ನೊಂದು ಸಲ ಕೊಟ್ಟಿದಾರೆ. ಪಾಸ್‌ವರ್ಡ್ ಬದಲಾಯಿಸಬೇಕು. ನಿಮ್ಮ ಫೋನಿಗೆ ಒಂದು ನಂಬರ್ ಬರುತ್ತೆ, ಅದನ್ನ ಹೇಳಿದ್ರೆ ಸಾಕು.”

ಚಿಕ್ಕತಿಮ್ಮಪ್ಪನವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು. “ಬದಲಾಯಿಸೋದು ಅಂದ್ರೆ?”

“ಈಗಿರೋದು ನಡೆಯಲ್ಲ. ಹೊಸದು ನಮಗೆ ಮಾತ್ರ.”

“ನಮಗೆ ಮಾತ್ರ” ಎಂದು ಅವರು ಅದನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿದವರಂತೆ ಅಂದರು. “ನೀರಾದ್ರೆ ಬೋರು ಬತ್ತುತ್ತೆ ಅನ್ನಬೌದು. ಇದು ಗಾಳೀಲಿ ಬರೋದು. ಹತ್ತು ಜನ ಉಸಿರಾಡಿದ್ರೆ ಗಾಳಿ ಖರ್ಚಾಗುತ್ತಾ?”

“ಇದು ಆಗುತ್ತೆ ಮಾವ. ಒಂದು ಪೈಪಿಗೆ ಹತ್ತು ನಲ್ಲಿ ಹಾಕಿದ ಹಾಗೆ.”

ದುರ್ಗೇಶ್ ಫೋನಿನಿಂದ ಕಣ್ಣು ತೆಗೆಯದೆ ಹೇಳಿದ: “ಉಷಕ್ಕ ಮೇಷ್ಟ್ರಮ್ಮ ಅಲ್ವಾ ದೊಡ್ಡಪ್ಪ, ಎಲ್ಲಾದಕ್ಕೂ ಉದಾಹರಣೆ ರೆಡಿ ಇಟ್ಕಂಡಿರ್ತಾರೆ.” ಪಕ್ಕದವರು ಮೂಗಿನಲ್ಲೇ ನಕ್ಕರು.

ಆ ನಗುವಿನಿಂದ ಮಾವನವರ ಬೆನ್ನು ನೆಟ್ಟಗಾಯಿತು. “ಕೊಟ್ಟಿದ್ದನ್ನ ಕಿತ್ಕಳ್ಳೋ ಮನೆ ಅಲ್ಲ ಇದು. ನಾನು ಗೋಡೆ ಮೇಲೆ ಬರ್ದಿದೀನಿ. ಬರ್ದ ಮಾತು ಅಳಿಸಿದ್ರೆ ಕೇರಿಯೋರು ನನ್ನ ಮುಖ ನೋಡ್ತಾರಾ? ನೀನು ಆ ಹೊತ್ತಿಗೆ ಒಂದು ಮಾತು ಹೇಳು, ಸ್ವಲ್ಪ ನಿಲ್ಸ್ರಪ್ಪ ಅಂತೀನಿ. ನಿಲ್ಲಿಸ್ತಾರೆ.”

“ಇವತ್ತೂ ಹೇಳಿದ್ದೆ.”

“ಇವತ್ತು ಮರ್ತೆ” ಎಂದರು ಅವರು. ಅಲ್ಲಿಗೆ ಮಾತು ಮುಗಿಯಿತು.

ಸಂಜೆ ಗಂಡ ಲಕ್ಷ್ಮೀಕಾಂತ್ ಹೊಸದುರ್ಗದಿಂದ ಬಂದ. ಅಲ್ಲಿ ಗೊಬ್ಬರದ ಅಂಗಡಿಯೊಂದರಲ್ಲಿ ಅವನು ಲೆಕ್ಕ ಬರೆಯುತ್ತಾನೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬಯ್ಯಲಾದರೂ ಅನುಕೂಲವಿತ್ತು ಎಂದು ಉಷಾ ಎಷ್ಟೋ ಸಲ ಅಂದುಕೊಂಡಿದ್ದಾಳೆ. ಎಲ್ಲವನ್ನೂ ಕೇಳಿ, ಮುಖ ತೊಳೆದು, ಟವೆಲ್ಲಿನಿಂದ ಕಿವಿಯ ಹಿಂದೆಲ್ಲ ಒರೆಸಿಕೊಂಡು ಅವನು ಹೇಳಿದ: “ಅಪ್ಪಂಗೆ ಈ ವಯಸ್ಸಲ್ಲಿ ಏನ್ ಹೇಳಾಣ ಹೇಳು. ಒಂದು ಸ್ವಲ್ಪ ಹೊಂದ್ಕಂಡು ಹೋಗು. ಚಿತ್ರದುರ್ಗಕ್ಕೆ ಹೋಗಿ ಮಹ್ವಿಶ್ ಮನೇಲಿ ಪರೀಕ್ಷೆ ಕೊಟ್ ಬಾ.”

“ಪರೀಕ್ಷೆ ಅಲ್ಲಿ ಕೊಟ್ಟು ದಿನಾ ಕೆಲಸ ಇಲ್ಲಿ ಮಾಡೋದು ಹೆಂಗ್ರಿ?”

“ಅದೂ ಹೌದು” ಎಂದ. ತಟ್ಟೆಯ ಮುಂದೆ ಕೂತು, ಫೋನ್ ತೆಗೆದು, ಅದೇ ವೈಫೈಯಲ್ಲಿ ಸುದ್ದಿ ನೋಡತೊಡಗಿದ. ಉಷಾ ಸಾರು ಬಡಿಸುವ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಎದ್ದು ಹೋದಳು. ಅವನಿಗೆ ಅನ್ನದ ಮೇಲೆ ಸಾರು ಹಾಕಿದವಳು ಅತ್ತೆ ಏಕಾಂತಮ್ಮ. ಆ ಮನೆಯಲ್ಲಿ ಏಕಾಂತಮ್ಮ ಏನಾದರೂ ಅಂದದ್ದನ್ನು ಉಷಾ ಹೆಚ್ಚು ಕೇಳಿಯೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ಕಿಟಕಿಯ ಹತ್ತಿರ ನಿಂತು ಅವಳು ಮಹ್ವಿಶ್‌ಗೆ ಫೋನ್ ಮಾಡಿದಳು. ಮಾಡಿದ್ದು ಸಲಹೆ ಕೇಳಲು. ಆಡಿದ್ದು ಬರೀ ಬೈಗುಳ. ಮಾವನನ್ನು, ದುರ್ಗೇಶನನ್ನು, ಪೆಟ್ಟಿಗೆ ಕೂರಿಸಿದವನನ್ನು, ಗಂಡನ ಟವೆಲ್ಲನ್ನು, ಒಬ್ಬೊಬ್ಬರನ್ನೇ ಹಿಡಿದು ಬೈದಳು. ದನಿ ಮಾತ್ರ ಪಿಸುದನಿಯೇ. ಗೋಡೆಯ ಆಚೆ ಜಗುಲಿ ಇತ್ತು.

ಮಹ್ವಿಶ್ ಪೂರ್ತಿ ಕೇಳಿದಳು. “ಅರೆ, ಪಾಸ್‌ವರ್ಡ್ ನಿಮ್ಮ ಮಾವನ ಫೋನಲ್ಲಿ ಐತೆ, ಒಪ್ಕೊಂಡೆ. ಪ್ಲಗ್ ಎಲ್ಲೈತೆ?”

“ನಮ್ಮ ಕೋಣೇಲಿ.”

“ಮತ್ತೆ ಯಾಕೆ ನನ್ನ ತಲೆ ತಿಂತೀಯ?”

ಉಷಾ ತಿರುಗಿ ನೋಡಿದಳು. ಬೀರುವಿನ ಮೇಲಿದ್ದ ವೈಫೈ ಡಬ್ಬಿಯಲ್ಲಿ ಹಸಿರು ದೀಪಗಳು ಒಂದಾದ ಮೇಲೊಂದು ಮಿಟುಕುತ್ತಿದ್ದವು. ಇಷ್ಟು ದಿನ ಅದು ತನ್ನ ಕೈಗೆಟುಕುವ ವಸ್ತು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ತೆಗೆದರೆ ಆಗುವುದೆಲ್ಲ ಅವಳ ಕಣ್ಣ ಮುಂದೆ ಬಂತು. ಜಗುಲಿಯವರ ತಲೆಗಳು ಮೇಲೇಳುವುದು, ಮಾವ ಕೂಗುವುದು, ಭಾಗ್ಯ ನೀರು ಹಿಡಿಯುವ ನೆಪದಲ್ಲಿ ಬಂದು ನಿಲ್ಲುವುದು, ನಾಳೆ ಊರೆಲ್ಲ ‘ಓದಿದ ಸೊಸೆ’ ಎನ್ನುವುದು. ಎಲ್ಲ ಕೆಟ್ಟದ್ದನ್ನೂ ಮೊದಲೇ ನೋಡಿಕೊಳ್ಳುವ ಆ ಅಭ್ಯಾಸ ಅವಳನ್ನು ಯಾವತ್ತೂ ತಡೆದು ನಿಲ್ಲಿಸುತ್ತಿತ್ತು. ಆವತ್ತು ನಿಲ್ಲಿಸಲಿಲ್ಲ. ಎಲ್ಲವನ್ನೂ ನೋಡಿ ಮುಗಿಸಿದ ಮೇಲೂ ಸಿಟ್ಟು ಹಾಗೇ ಉಳಿದಿತ್ತು.

ಅವಳು ಸಂಜೆಯವರೆಗೆ ಕಾದಳು. ಕ್ರಿಕೆಟ್ ಪಂದ್ಯ ಶುರುವಾಗಿ, ಜಗುಲಿ ತುಂಬಿ, ಕೊನೆಗೆ ಹಿತ್ತಿಲ ಕಟ್ಟೆಯ ಮೇಲೂ ಜನ ಕೂತರು. ಯಾರೋ ಔಟಾದನೆಂದು ಕೂಗು ಎದ್ದಾಗ ಉಷಾ ಸ್ಟೂಲಿನ ಮೇಲೆ ಹತ್ತಿ ಪ್ಲಗ್ ಕಿತ್ತಳು. ಡಬ್ಬಿಯನ್ನು ತಂತಿ ಸಮೇತ ಇಳಿಸಿ ಕಂಕುಳಲ್ಲಿಟ್ಟುಕೊಂಡಳು.

ಜಗುಲಿಯಲ್ಲಿ ಕೂಗು ಅರ್ಧಕ್ಕೇ ನಿಂತಿತು. ಆಮೇಲೆ, “ನಿಂದೂ ಹೋಯ್ತೇನ್ಲೇ?” “ನಂದೂ ತಿರುಗ್ತೈತೆ.” “ಕರೆಂಟ್ ಐತಲ್ಲ.” “ದೊಡ್ಡಪ್ಪ, ಒಳಗೆ ಏನೋ ಆಗೈತೆ ನೋಡ್ರಿ.”

ಮಾವನವರು ಏಳುವ ಮೊದಲೇ ಅವಳು ಹೊಸಿಲಿಗೆ ಬಂದು ನಿಂತಳು.

“ಏನೂ ಆಗಿಲ್ಲ. ನಾನು ತೆಗೆದೆ.”

ಅಷ್ಟು ಜನರ ಮುಂದೆ ಅವಳು ಜಗುಲಿಯಲ್ಲಿ ಮಾತಾಡಿದ್ದು ಅದೇ ಮೊದಲು. ಲಕ್ಷ್ಮೀಕಾಂತ್ ಬೈಕನ್ನು ಆಗಷ್ಟೇ ಸ್ಟ್ಯಾಂಡ್ ಹಾಕುತ್ತಿದ್ದವನು ಹಾಗೇ ನಿಂತ.

“ತೆಗೆದೆ ಅಂದ್ರೆ ಏನವ್ವ? ಮ್ಯಾಚ್ ನೋಡ್ತಾ ಅವ್ರೆ” ಎಂದರು ಮಾವ.

“ನೋಡ್ಲಿ. ಅವರವರ ದುಡ್ಡಲ್ಲಿ ನೋಡ್ಲಿ. ಇದಕ್ಕೆ ತಿಂಗಳಾ ತಿಂಗಳಾ ಕಟ್ಟೋಳು ನಾನು. ಮಕ್ಕಳ ಕಾಪಿ ಪುಸ್ತಕ ತಿದ್ದಿ ತಿದ್ದಿ ಕಟ್ತಿದೀನಿ. ನಾಳೆ ನನ್ನ ಕೆಲಸ ಹೋದ್ರೆ ಇಲ್ಲಿ ಕೂತೋರಲ್ಲಿ ಯಾರು ನನಗೆ ಕೆಲಸ ಕೊಡಿಸ್ತೀರಿ? ಕೈ ಎತ್ರಿ.”

ಯಾರೂ ಎತ್ತಲಿಲ್ಲ. ದುರ್ಗೇಶ್ ಕೆಮ್ಮಿದ. “ಅಲ್ಲ ಉಷಕ್ಕ, ಇಷ್ಟಕ್ಕೆಲ್ಲ…”

“ಇಷ್ಟಕ್ಕೆ ಅಲ್ಲಪ್ಪ. ನಿನ್ನ ಶಾಮಿಯಾನ ನಾಳೆ ನಮ್ಮನೆಗೆ ತಂದು ಹಾಕು. ಪುಕ್ಕಟೆ. ಗಾಳಿಗೆ ಬಿಚ್ಚಿದ್ರೆ ಬಟ್ಟೆ ಏನು ಸವೆಯುತ್ತಾ?”

ದುರ್ಗೇಶ್ ಫೋನನ್ನು ಜೇಬಿಗಿಟ್ಟುಕೊಂಡ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಈ ಸಲದ ನಗು ಅವನ ಮೇಲೆ ಬಿತ್ತು.

ಚಿಕ್ಕತಿಮ್ಮಪ್ಪನವರ ಮುಖ ಕಪ್ಪಿಟ್ಟಿತು. “ಬಂದೋರ ಮುಂದೆ ನನ್ನ ಮರ್ವಾದೆ ತೆಗೀಬೇಡ. ಒಳಗೆ ಹೋಗಿ ಅದನ್ನ ಇದ್ದಲ್ಲಿ ಇಡು. ಇಲ್ಲ ಅನ್ನೋ ಬಾಯಿ ಈ ಮನೇಲಿ…”

“ಸಾಕು ಮಾಡ್ರಿ.”

ಹೇಳಿದ್ದು ಉಷಾ ಅಲ್ಲ. ಅವಳ ಬೆನ್ನ ಹಿಂದೆ ಏಕಾಂತಮ್ಮ ಬಂದು ನಿಂತಿದ್ದಳು. ಕೈಗೆ ರಾಗಿ ಹಿಟ್ಟು ಮೆತ್ತಿತ್ತು.

“ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದೈತೆ. ಬೋರು ಬಿದ್ದ ವರ್ಷ ಕರೆಂಟು ಇರ್ತಿದ್ದಿದ್ದೇ ಒಂದೆರಡು ತಾಸು. ಕೇರಿಯೋರೆಲ್ಲ ಹಿಡ್ಕಂಡ್ ಹೋದ್ಮೇಲೆ ಉಳಿದ್ರೆ ನಂಗೆ. ನಮ್ಮನೆ ನೀರಿಗೆ ನಾನು ಸಾಲಲ್ಲಿ ನಿಂತಿದೀನಿ. ಇವನು” ಎಂದು ಬೈಕಿನ ಹತ್ತಿರವಿದ್ದ ಮಗನ ಕಡೆ ಹಿಟ್ಟಿನ ಕೈ ತೋರಿಸಿದಳು, “ಇವನು ಹುಟ್ಟಿ ವಾರ ಆಗಿತ್ತು. ಬಾಣಂತಿ ನಾನು, ತಲೆಗೆ ಬಟ್ಟೆ ಸುತ್ಕಂಡು ಕೊಡ ಹಿಡ್ಕಂಡು ನಿಂತಿದ್ದೆ. ಮುಂದೆ ಹೋಗಮ್ಮ ಅಂತ ಒಬ್ರೂ ಅನ್ಲಿಲ್ಲ. ನೀವು ಇದೇ ಜಾಗದಾಗೆ ಕುಂತ್ಕಂಡು ಇದೇ ಮಾತು ಹೇಳ್ತಿದ್ರಿ. ಹೌದು ಅನ್ನೋ ಬಾಯಿ ನಿಮ್ದು, ಹೊರೋ ಸೊಂಟ ನಂದು.”

ಎದುರುಮನೆಯ ಬಾಗಿಲಲ್ಲಿ ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

“ಅತ್ತೆ ಸೊತ್ತು ಅಳಿಯ ದಾನ ಮಾಡಿದ್ನಂತೆ. ಹಂಗಾಯ್ತು ನಿಮ್ಮ ದಾನ” ಎಂದಳು ಏಕಾಂತಮ್ಮ. “ಫೋನ್ ಕೊಡ್ರಿ ಇಲ್ಲಿ.”

ಚಿಕ್ಕತಿಮ್ಮಪ್ಪನವರು ಕೊಡಲಿಲ್ಲ. ಏಕಾಂತಮ್ಮ ಬಗ್ಗಿ ಅವರ ಅಂಗಿಯ ಜೇಬಿಗೆ ಕೈ ಹಾಕಿ ತಾನೇ ತೆಗೆದುಕೊಂಡಳು. ಬಿಳಿ ಅಂಗಿಯ ಮೇಲೆ ರಾಗಿ ಹಿಟ್ಟಿನ ಬೆರಳು ಮೂಡಿತು. ಅವರು ತಡೆಯಲಿಲ್ಲ. ಅಷ್ಟು ವರ್ಷದಲ್ಲಿ ಹೆಂಡತಿ ತಮ್ಮ ಜೇಬಿಗೆ ಕೈ ಹಾಕಿದ್ದು ಅವರಿಗೆ ಎಷ್ಟು ಹೊಸದೆಂದರೆ, ಸಿಟ್ಟು ಬರುವುದಕ್ಕೂ ಹೊತ್ತು ಹಿಡಿಯಿತು. ಬಂದಾಗ ಅವರು ಎದ್ದು, ಟವೆಲ್ ಹೆಗಲಿಗೆಸೆದು, ಬೀದಿಗಿಳಿದು ಹೋಗಿಬಿಟ್ಟರು.

ಒಳಗೆ ಡಬ್ಬಿಗೆ ಮತ್ತೆ ಕರೆಂಟ್ ಕೊಟ್ಟು ಉಷಾ ಲ್ಯಾಪ್‌ಟಾಪಿನ ಮುಂದೆ ಕೂತಳು. ನಂಬರ್ ಬಂದ ಸದ್ದಾಯಿತು. ಏಕಾಂತಮ್ಮ ಫೋನನ್ನು ಕಣ್ಣಿನಿಂದ ದೂರ ಹಿಡಿದು ಒಂದೊಂದೇ ಅಂಕಿ ಓದಿದಳು. ಹೊಸ ಪಾಸ್‌ವರ್ಡ್ ಏನಿಡಬೇಕು ಎಂದು ಉಷಾ ಯೋಚಿಸುತ್ತಿರುವಾಗ ಅತ್ತೆ ಮುಖ ತಿರುಗಿಸಿಕೊಂಡು ನಿಂತಳು.

“ನಂಗೆ ಹೇಳ್ಬೇಡ” ಎಂದಳು. “ಹೇಳಿದ್ರೆ ಅವ್ರು ಕೇಳ್ತಾರೆ. ಎರಡು ದಿನ ಊಟ ಬಿಟ್ಟು ಕುಂತ್ರೆ ನಾನು ಹೇಳ್ಬಿಡ್ತೀನಿ.”

ಉಷಾಳಿಗೆ ಅಳು ಬರಬೇಕಿತ್ತು. ನಗು ಬಂತು. ಆ ನಗುವಿನೊಳಗೂ ಸಿಟ್ಟಿತ್ತು. ಜಗುಲಿಯಲ್ಲಿ ಆಡಿದ ಆ ಮಾತನ್ನು ಅತ್ತೆ ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬೆಂದಿದ್ದಾಳೆ. ತಾನೂ ಇಟ್ಟುಕೊಂಡಿದ್ದರೆ ಇನ್ನೊಬ್ಬ ಸೊಸೆ ಬರುವವರೆಗೂ ಬೇಯಬೇಕಾಗಿತ್ತು.

ರೊಟ್ಟಿ ತಿಂದಾದ ಮೇಲೆ ಲಕ್ಷ್ಮೀಕಾಂತ್ ಫೋನ್ ಚಾಚಿದ. “ಏನಿಟ್ಟೆ? ನಂದಕ್ಕೆ ಹಾಕ್ಕೊಡು.”

“ನಿಮಗೂ ಇಲ್ಲ.”

ಅವನು ತಮಾಷೆಯೆಂದು ನಕ್ಕ. ಅವಳು ನಗಲಿಲ್ಲ. “ನಂಗೂ ಅಂದ್ರೆ? ನಾನು ಯಾರ್ಗೆ ಹೇಳ್ತೀನಿ?”

“ನಿಮ್ಮಪ್ಪ ಕೇಳಿದ್ರೆ ಇಲ್ಲ ಅಂತೀರಾ? ಅನ್ನಿ ನೋಡಾಣ. ಈಗ ಹೋಗಿ ಅವರ ಮುಂದೆ ಅಂದು ಬನ್ನಿ, ಹೇಳ್ತೀನಿ.”

ಅವನು ಬಾಗಿಲ ಕಡೆ ನೋಡಿದ. ಫೋನನ್ನು ಜೇಬಿಗೆ ಹಾಕಿಕೊಂಡ.

ಶುಕ್ರವಾರದ ಪರೀಕ್ಷೆಯಲ್ಲಿ ಆ ಮೇಡಂ ಬುಧವಾರಕ್ಕಿಂತ ಹೆಚ್ಚು ರೇಗಿದರು. ಬಸ್ಸಿನಲ್ಲಿ ಚೀಲ ಕಳೆದುಕೊಂಡವಳಾಗಿ, ಸೀಟು ಸಿಗದೆ ನಿಂತು ಬಂದವಳಾಗಿ, ಕನ್ನಡ ಬರುತ್ತೇನ್ರಿ ನಿಮಗೆ ಎಂದು ಕೇಳುವವಳಾಗಿ ಬೇರೆ ಬೇರೆ ದನಿಯಲ್ಲಿ ಕೂಗಾಡಿದರು. ಹೊರಗೆ ಜಗುಲಿ ಖಾಲಿ ಇತ್ತು. ಉಷಾಳ ಒಂದೊಂದು ಮಾತೂ ಬಿಡಿಬಿಡಿಯಾಗಿ, ಪೂರ್ತಿಯಾಗಿ ಆಚೆ ಮುಟ್ಟಿತು. ಕೊನೆಗೆ ಮೇಡಂ, “ಮನೇಲಿ ಯಾರೂ ಇಲ್ವಾ ಇವತ್ತು?” ಎಂದರು.

“ಎಲ್ಲರೂ ಇದ್ದಾರೆ ಮೇಡಂ” ಎಂದಳು ಉಷಾ.

ಸೋಮವಾರದಿಂದ ಕೆಲಸಕ್ಕೆ ಕೂರಿ ಎಂದು ಸಂದೇಶ ಬಂತು. ಅವಳು ಅದನ್ನು ಅತ್ತೆಗೆ ತೋರಿಸಿದಳು. ಮಹ್ವಿಶ್‌ಗೆ ಕಳಿಸಿದಳು. ಗಂಡನಿಗೆ ಸಂಜೆ ಹೇಳಿದಳು. ಮಾವನವರು ಅವಳೊಂದಿಗೆ ಮಾತು ಬಿಟ್ಟಿದ್ದರು. ತಟ್ಟೆಗೆ ಬಡಿಸಿದರೆ ಉಣ್ಣುತ್ತಿದ್ದರು, ಮುಖ ಮಾತ್ರ ಗೋಡೆಯ ಕಡೆ.

ಊರು ಅವಳು ಎಣಿಸಿದಂತೆಯೇ ನಡೆದುಕೊಂಡಿತು. ಅಂಗಡಿಗೆ ಹೋದರೆ ‘ಬೀಗದಮ್ಮ ಬಂದ್ಲು’ ಎಂದು ಹಿಂದೆ ಯಾರೋ ಅಂದರು. ಭಾಗ್ಯ ನೀರಿಗೆ ಬಂದಾಗ ನಲ್ಲಿಯನ್ನು ಕೇಳಿದವಳಂತೆ, “ಇದಕ್ಕೂ ನಾಳೆ ಬೀಗ ಬೀಳುತ್ತೇನೋ ತಾಯಿ” ಎಂದಳು. ಓದಿದ ಹೆಣ್ಣು ಮನೆ ಮುರೀತು ಎಂಬ ಮಾತು ಎರಡು ಕೇರಿ ದಾಟಿ ತಿರುಗಿ ಅವಳ ಕಿವಿಗೇ ಬಂತು. ಇದೆಲ್ಲ ಬರುತ್ತದೆ ಎಂದು ಗೊತ್ತಿದ್ದರೂ ಬಂದಾಗ ಚುಚ್ಚಿತು.

ಅವಳು ಎಣಿಸದೆ ಇದ್ದದ್ದು ಒಂದೇ. ಸೋಮವಾರ ಬೆಳಗ್ಗೆ ಮಾವನವರು ಹೊಸದುರ್ಗಕ್ಕೆ ಹೋಗಿ ತಮ್ಮ ಫೋನಿಗೆ ರೀಚಾರ್ಜ್ ಮಾಡಿಸಿಕೊಂಡು ಬಂದರು. ಅದರ ನೆಟ್ಟನ್ನು ಸುತ್ತಲಿನವರಿಗೆ ಹಂಚುವ ಹಾಟ್‌ಸ್ಪಾಟ್ ಹಾಕುವುದನ್ನು ದುರ್ಗೇಶ್ ಹೇಳಿಕೊಟ್ಟ. ಜಗುಲಿ ಮತ್ತೆ ತುಂಬಿತು. ಚಿಕ್ಕತಿಮ್ಮಪ್ಪನವರು ಫೋನನ್ನು ಮಧ್ಯದಲ್ಲಿಟ್ಟುಕೊಂಡು ಪ್ರಸಾದ ಹಂಚುವವರಂತೆ ಕೂತರು. ಮಧ್ಯಾಹ್ನದ ಊಟದ ಹೊತ್ತಿಗೆ ಆ ದಿನದ ಡೇಟಾ ಮುಗಿದುಹೋಯಿತು.

ಒಳಗೆ ಉಷಾ ಒಂದು ಕರೆ ಮುಗಿಸಿ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡಿದ್ದಳು. ಕಿಟಕಿಯಾಚೆ ಮಾವನವರ ದನಿ ಕೇಳಿತು.

“ಇವತ್ತಿಗೆ ಆಯ್ತಪ್ಪ. ಇನ್ನಿಲ್ಲ. ನಾಳೆ ಬರ್ರಿ.”

ಅವಳು ಕಿವಿಗೊಟ್ಟಳು. ಇಲ್ಲ ಎಂದಿದ್ದರು, ತಮ್ಮ ಬಾಯಿಂದಲೇ. ಜಗುಲಿಯವರು ಏನು ಹೇಳುತ್ತಾರೆ ಎಂದು ಅವಳು ಉಸಿರು ಹಿಡಿದು ಕಾದಳು. ಬೀಗದಪ್ಪ ಎನ್ನುತ್ತಾರೆಯೇ? ಮನೆ ಮುರಿದರು ಎನ್ನುತ್ತಾರೆಯೇ?

“ಅಯ್ಯೋ ಬಿಡ್ರಿ ದೊಡ್ಡಪ್ಪ” ಎಂದ ದುರ್ಗೇಶ್. “ಪಾಪ, ನೀವಾದ್ರೂ ಎಷ್ಟು ಅಂತ ಕೊಡ್ತೀರಿ.”

“ಹೂಂ ಮತ್ತೆ. ಅವ್ರೇನು ಇಟ್ಕಂಡು ಇಲ್ಲ ಅಂತಾರಾ” ಎಂದ ಇನ್ನೊಬ್ಬ.

ಎಲ್ಲರೂ ಗೌರವದಿಂದ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದರು. ಉಷಾಳ ಕೆನ್ನೆ ಬಿಸಿಯಾಯಿತು. ಗುರುವಾರ ಪ್ಲಗ್ ಕಿತ್ತಾಗಲೂ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಕಿಟಕಿ ತೆರೆದು ಕೂಗಿ ಕೇಳಬೇಕೆನಿಸಿತು. ಅಷ್ಟರಲ್ಲಿ ಪರದೆಯ ಮೇಲೆ ಕರೆ ಬಂತು. ಅವಳು ಹೆಡ್‌ಫೋನ್ ಏರಿಸಿಕೊಂಡಳು.

ಹಿರಿಯೂರಿನಿಂದ ಒಬ್ಬಳು ಹೆಂಗಸು. ಬಸ್ಸು ಅವಳನ್ನು ಹತ್ತಿಸಿಕೊಳ್ಳದೆ ಹೋಗಿತ್ತು. ಬೈಪಾಸಿನಲ್ಲಿ ಬಿಸಿಲಲ್ಲಿ ನಿಂತಿದ್ದಳು. ಟಿಕೆಟ್ ಇತ್ತು, ಹೊತ್ತಿಗೆ ಮೊದಲೇ ಬಂದಿದ್ದಳು, ಕೈಯನ್ನೂ ಬೀಸಿದ್ದಳು. ಒಂದೇ ಉಸಿರಿಗೆ ಬೈದಳು. ಚಾಲಕನನ್ನು, ಕಂಪನಿಯನ್ನು, ಫೋನ್ ಎತ್ತಿದ ಉಷಾಳನ್ನು. ಬೈದು ಬೈದು ಒಮ್ಮೆಗೇ ನಿಲ್ಲಿಸಿದಳು.

“ನಾನು ಇಷ್ಟು ಕೂಗಾಡ್ತಿದೀನಿ, ನೀವು ಸುಮ್ನೆ ಕೇಳ್ತಾ ಇದೀರಲ್ರಿ” ಎಂದಳು, ತಾನೇ ತಪ್ಪು ಮಾಡಿದವಳಂತೆ.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಕಂಪನಿ ಬರೆದುಕೊಟ್ಟಿತ್ತು. ದಯವಿಟ್ಟು ಶಾಂತರಾಗಿ ಎಂಬುದು ಅದರ ಮೊದಲ ಸಾಲು. ಉಷಾ ಅದನ್ನು ಹೇಳಲಿಲ್ಲ.

“ನಿಮ್ಮ ಸಿಟ್ಟು ನ್ಯಾಯವಾಗೇ ಐತಮ್ಮ” ಎಂದಳು. “ಮುಗಿದಿಲ್ಲ ಅಂದ್ರೆ ಇನ್ನೂ ಹೇಳ್ರಿ. ಆಮೇಲೆ ಬಸ್ಸಿನ ವಿಷಯ ನೋಡಾಣ.”